ಅಳತೆಗೆ ತಕ್ಕ ಕೊಳೆ

ಫೆಬ್ರವರಿ 9

ಚೂಟಿ ಮಗಳೇ,

ನಾವಿಬ್ಬರೂ ಇದ್ದಲ್ಲೇ ಇದ್ದೇವೆ. ಬಾಯಿಗೆ ಇನ್ನೂ ರುಚಿ ತಿಳಿಯುತ್ತದೆ, ಜಗಳವಾಡುವ ಶಕ್ತಿಯೂ ಉಳಿದಿದೆ. ಇಷ್ಟು ತಿಳಿದರೆ ನಿನಗೆ ಸಾಕು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅನ್ನಬೇಡ. ಇರುವುದೊಂದು ಕೋಣೆ, ಅದರ ನಡುವೆ ನಿನ್ನ ಮಾವನ ಮಂಚ. ಆ ಪಾರ್ಶ್ವವಾಯು ನನ್ನ ತಮ್ಮನ ಬಲಗಡೆಯನ್ನೂ ಮಾತನ್ನೂ ಓದನ್ನೂ ಕಸಿದುಕೊಂಡು, ಕಿವಿಯನ್ನು ಮಾತ್ರ ಇನ್ನಷ್ಟು ಚುರುಕು ಮಾಡಿ ಹೋಗಿದೆ. ನಾನು ಫೋನಿನಲ್ಲಿ ಪಿಸುಗುಟ್ಟಿದರೂ ಮಂಚದಿಂದಲೇ ಮೂಗು ಮುರಿಯುತ್ತಾನೆ. ಕಾಗದವಾದರೆ ಅವನ ಕಣ್ಣಿಗೆ ಅದು ಬರೀ ಇರುವೆ ಸಾಲು.

ನಿನ್ನೆ ಅಳತೆಯಮ್ಮ ಬಂದಿದ್ದಳು. ಹೆಸರು ನಾನಿಟ್ಟದ್ದು. ನೆರವಿನ ಇಲಾಖೆಯವಳು. ದಿನಾ ಬೆಳಿಗ್ಗೆ ನಮ್ಮ ಪೈಲ್ವಾನನನ್ನು ಕಳಿಸುವುದು ಆ ಇಲಾಖೆಯೇ. ಗೊತ್ತಲ್ಲ, ಮಾವನನ್ನು ಮಗುವಿನ ಹಾಗೆ ಎತ್ತಿ ಸ್ನಾನಕ್ಕೆ ಕೂರಿಸಿ, ಒರೆಸಿ, ಮತ್ತೆ ಮಲಗಿಸಿ, ನನ್ನ ಟೀ ಕುಡಿದು "ಸಕ್ಕರೆಗೆ ಬರ ಬಂದಿದೆಯಾ ಅಕ್ಕಾ" ಅಂತ ಹಂಗಿಸಿ ಹೋಗುವವನು. ನಮಗೆ ಈ ನೆರವು ಇನ್ನೂ ಬೇಕೋ ಬೇಡವೋ ಅಂತ ಅಳೆಯಲು ಈಕೆ ಬಂದದ್ದು.

ಸರಕಾರವೇ ಮನೆಗೆ ಬರುತ್ತದೆ ಅಂದರೆ ಸುಮ್ಮನಿರಲಾಗುತ್ತದೆಯೇ? ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವ ಸವೆಸಿದವಳು ನಾನು. ಚಾದರವನ್ನು ಗಂಜಿ ಹಾಕಿ ಇಸ್ತ್ರಿ ಮಾಡಿ, ಒಂದು ಸುಕ್ಕಿಲ್ಲದಂತೆ ಹಾಸಿದೆ. ನೆಲ ಉಜ್ಜಿದೆ. ಮಾವನಿಗೆ ಗಡ್ಡ ಬೋಳಿಸಿ, ಅವನ ಹಳೆಯ ಕಂಡಕ್ಟರ್ ಅಂಗಿ ತೊಡಿಸಿ, ಬೆನ್ನ ಹಿಂದೆ ಮೂರು ದಿಂಬು ಒತ್ತಿ ದೊರೆಯ ಹಾಗೆ ಕೂರಿಸಿದೆ. ಆಕೆ ಬಾಗಿಲಲ್ಲಿ ಕಾಣಿಸಿದ ಕೂಡಲೇ ಅವನು, ಅವನಿಗೆ ಉಳಿದಿರುವ ಒಂದೇ ಮಾತು, "ಒಳಗೆ ಬನ್ನಿ, ಒಳಗೆ ಜಾಗ ಇದೆ" ಅಂದ. ಬಸ್ಸಿನ ರಾಗದಲ್ಲೇ. ಆಕೆ ನಕ್ಕುಬಿಟ್ಟಳು.

ಆಮೇಲೆ ಏನಾಯಿತು ಕೇಳು. ಎಷ್ಟೋ ವಾರದಿಂದ ಆ ಸೋತ ಬಲಗೈಗೆ ಲೋಟ ಎತ್ತುವ ಪಾಠ ಹೇಳುತ್ತಿದ್ದೆನಲ್ಲ, ಎಂಟರಲ್ಲಿ ಏಳು ಸಲ ಚೆಲ್ಲುತ್ತಿದ್ದ. ನಿನ್ನೆ ಆಕೆಯ ಎದುರು ಎತ್ತಿಯೇಬಿಟ್ಟ! ಕೈ ನಡುಗಿತು, ಹನಿ ಚೆಲ್ಲಲಿಲ್ಲ. ಎತ್ತಿ ತಾನು ಕುಡಿಯಲಿಲ್ಲ, ಮನೆಗೆ ಬಂದವಳಿಗೆ ಚಾಚಿದ. ನನಗೆ ಕಣ್ಣು ತುಂಬಿ ಬಂತು. ಆಕೆಯೂ ಮೆಚ್ಚಿ, ತಲೆಯಾಡಿಸಿ, ಬರೆದುಕೊಂಡಳು. ಹೋಗುವಾಗ "ಇಷ್ಟು ಚೆನ್ನಾಗಿ ಇಟ್ಟುಕೊಂಡಿರುವ ಮನೆ ನಾನು ನೋಡಿಲ್ಲ ಅಮ್ಮ" ಅಂದಳು.

ನೀನು ಓದುತ್ತಿರುವುದೂ ಇದನ್ನೇ ಅಲ್ಲವೇ, ಸರಕಾರ ಜನರನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ? ನಿನ್ನ ಪುಸ್ತಕಗಳಲ್ಲಿ ಬೈಗುಳವೇ ಜಾಸ್ತಿ ಅಂದಿದ್ದೆ. ಒಂದು ಒಳ್ಳೆಯ ಸುದ್ದಿಯೂ ಇರಲಿ ಅಂತ ಬರೆದೆ.

ನಿನ್ನ ದೊಡ್ಡಮ್ಮ


ಫೆಬ್ರವರಿ 20

ಪ್ರೀತಿಯ ದೊಡ್ಡಮ್ಮ,

ಪರೀಕ್ಷೆಯ ಪೇಪರ್ ತಿದ್ದುವ ಗಡಿಬಿಡಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಮಾವ ಲೋಟ ಎತ್ತಿದ್ದನ್ನು ಆಕೆ ಏನಂತ ಬರೆದುಕೊಂಡಳು? ಎಂಟರಲ್ಲಿ ಏಳು ಸಲ ಚೆಲ್ಲುತ್ತಾನೆ ಅನ್ನುವುದನ್ನು ನೀನು ಹೇಳಿದೆಯಾ? ಸ್ನಾನದ ವಿಷಯ ಕೇಳಿದಳಾ? ಮಂಚದಿಂದ ಇಳಿಸುವ ವಿಷಯ?

ನಮ್ಮ ಪುಸ್ತಕಗಳಲ್ಲಿರುವುದು ಬೈಗುಳ ಅಲ್ಲ ದೊಡ್ಡಮ್ಮ. ನೆರವು ಕೊಡುವ ಕೈ ಯಾರನ್ನು ಯೋಗ್ಯರು ಅನ್ನುತ್ತದೆ, ಯಾರನ್ನು ದೂಡುತ್ತದೆ, ಆ ಗೆರೆಯನ್ನು ಯಾರು ಎಳೆದರು ಅಂತ ಕೇಳುವುದು. ನಮ್ಮ ಮೇಷ್ಟ್ರು ಹೇಳುತ್ತಾರೆ, ದಯೆ ಕಂಡಲ್ಲಿ ಮೊದಲು ಅದರ ಜೇಬು ತಡವಿ ನೋಡಬೇಕು ಅಂತ.

ಲೋಟದ ವಿಷಯ ಮರೆಯದೆ ಬರಿ.

ಚೂಟಿ


ಮಾರ್ಚ್ 28

ಚೂಟಿ,

ನಿನ್ನ ಲೋಟದ ಪ್ರಶ್ನೆಗೆ ಉತ್ತರ ಸರಕಾರವೇ ಕಳಿಸಿದೆ. "ಸೇವಾಗ್ರಾಹಿಯು ಕೈಯನ್ನು ಉದ್ದೇಶಪೂರ್ವಕವಾಗಿ ಬಳಸಬಲ್ಲರು, ಮನೆಯಲ್ಲಿ ಆರೈಕೆ ಅತ್ಯುತ್ತಮವಾಗಿದೆ." ಆದ್ದರಿಂದ ನೆರವು ನಿಲ್ಲಿಸಿದ್ದಾರೆ. ಚೆನ್ನಾಗಿ ಮಾಡಿದ್ದಕ್ಕೆ ಇದು ಬಹುಮಾನ.

ಪೈಲ್ವಾನ ಕಡೆಯ ದಿನ ಬಂದು ಟೀ ಕುಡಿಯಲಿಲ್ಲ. "ಅಕ್ಕಾ, ಯಾರಾದರೂ ಇಷ್ಟು ಚೊಕ್ಕ ಮಾಡಿಟ್ಟು ಅವರನ್ನು ಕರೀತಾರಾ? ಪಕ್ಕದ ಬೀದಿ ಮುದುಕ ನೋಡಿ, ಅವರು ಬರೋ ಹಿಂದಿನ ದಿನದಿಂದ ಹಲ್ಲುಸೆಟ್ಟು ತೆಗೆದಿಡ್ತಾನೆ" ಅಂದ. ನಾನು ನಗಬೇಕಿತ್ತು. ನನಗೆ ಅವನ ಮೇಲೆ ರೇಗಿಹೋಯಿತು. "ನಾವು ಹಾಗಲ್ಲಪ್ಪ" ಅಂದೆ. ನಾವು ಹೇಗೆ ಅಂತ ಅವನು ಕೇಳಲಿಲ್ಲ.

ಈಗ ಸ್ನಾನ ನಾನೇ ಮಾಡಿಸುತ್ತೇನೆ. ಮಂಚದ ಮೇಲೆಯೇ, ರಬ್ಬರ್ ಶೀಟು ಹಾಸಿ, ಬಟ್ಟೆ ನೆನೆಸಿ ಒರೆಸುವುದು. ನನಗೇನೂ ಆಗಿಲ್ಲ. ಸೊಂಟ ಸ್ವಲ್ಪ ಮುನಿಸಿಕೊಂಡಿದೆ, ಅಷ್ಟೇ. ಅಕ್ಕನ ಕೈಯಲ್ಲಿ ಬೆತ್ತಲಾಗುವುದು ಅವನಿಗೆ ಇಷ್ಟವಿಲ್ಲ, ಕಣ್ಣು ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಾನೆ. ನಾನೂ ಹಳೆಯ ಕಥೆ ಹೇಳುತ್ತಾ ಕೈ ಆಡಿಸುತ್ತೇನೆ.

ಮತ್ತೊಮ್ಮೆ ಅಳೆಯಿರಿ ಅಂತ ಕೇಳುವುದಕ್ಕೆ ಅವಕಾಶ ಇದೆಯಂತೆ. ಏಪ್ರಿಲ್ ಕೊನೆಗೆ ಬರುತ್ತಾರೆ. ನಿನ್ನ ಓದು ಇಲ್ಲಿಗಾದರೂ ಬರಲಿ. ಏನು ಮಾಡಲಿ ಹೇಳು.

ದೊಡ್ಡಮ್ಮ


ಏಪ್ರಿಲ್ 6

ಪ್ರೀತಿಯ ದೊಡ್ಡಮ್ಮ,

ಓದಿ ಮೈಯೆಲ್ಲ ಉರಿದುಹೋಯಿತು. ಇದು ನಿನ್ನ ತಪ್ಪಲ್ಲ. ನೆರವು ಬೇಕಾದವನು ಸದಾ ದೀನನಾಗಿಯೇ ಕಾಣಬೇಕು ಅನ್ನುವುದು ಈ ವ್ಯವಸ್ಥೆಯ ಗುಟ್ಟಿನ ನಿಯಮ. ನೀನು ಅವರಿಗೆ ಮರ್ಯಾದೆ ತೋರಿಸಿದೆ. ಅವರು ಮರ್ಯಾದೆಯನ್ನು ಸಾಮರ್ಥ್ಯ ಅಂತ ಲೆಕ್ಕ ಹಾಕಿದರು.

ಈ ಸಲ ಅಣಿ ಮಾಡಬೇಡ. ಗುಡಿಸಬೇಡ, ಇಸ್ತ್ರಿ ಮಾಡಬೇಡ, ಗಡ್ಡ ಬೋಳಿಸಬೇಡ. ಲೋಟ ಅವನ ಹತ್ತಿರ ಇಡಬೇಡ. ಸುಳ್ಳು ಹೇಳು ಅನ್ನುತ್ತಿಲ್ಲ. ನಿಮ್ಮ ಅತಿ ಕೆಟ್ಟ ದಿನವನ್ನು ಅವರು ನೋಡಲಿ, ಅಷ್ಟೇ.

ನಾನೇ ಬರಬೇಕು. ಆದರೆ ಈ ತಿಂಗಳು ಇಲ್ಲಿ ಸ್ವಲ್ಪ ತೊಡಕಿದೆ. ಆಮೇಲೆ ಹೇಳುತ್ತೇನೆ.

ಚೂಟಿ


ಮೇ 2

ಚೂಟಿ,

ನೀನು ಹೇಳಿದ ಹಾಗೆ ಮಾಡಿದೆ. ಮಾಡಿ ಇವತ್ತಿಗೆ ನಾಲ್ಕು ದಿನವಾಯಿತು, ಇನ್ನೂ ಊಟ ಸೇರುತ್ತಿಲ್ಲ.

ಕೆಟ್ಟ ದಿನ ತೋರಿಸು ಅಂದೆ. ನಮ್ಮ ಮನೆಯಲ್ಲಿ ಅವರು ಹುಡುಕುವಂಥ ಕೆಟ್ಟ ದಿನವೇ ಇಲ್ಲವಲ್ಲೇ! ಎಂಥ ದಿನವಾದರೂ ಚಾದರ ಬದಲಾಗದೆ ಮಧ್ಯಾಹ್ನವಾಗಿಲ್ಲ. ಸುಮ್ಮನೆ ಗುಡಿಸದೆ ಬಿಟ್ಟೆ. ನೋಡಿದರೆ ಒಂದಿಷ್ಟು ಧೂಳು, ಎರಡು ಕೂದಲು. ಇದನ್ನು ನೋಡಿ ಯಾರು ಕರಗುತ್ತಾರೆ? ಹಾಗಾಗಿ ನಾನೇ ಕೂತು ಕೊಳೆ ಮಾಡಿದೆ. ನನಗೆ ಆ ಕೆಲಸ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಬೇರೆಯವರ ಕಲೆ ತೆಗೆದ ಕೈ. ಯಾವ ಕಲೆಗೆ ಅಂಚು ಕಪ್ಪಾಗಿರುತ್ತದೆ, ಯಾವುದು ನಡುವೆ ಹಳದಿ ಕಟ್ಟುತ್ತದೆ, ಹಳೆಯ ಕಲೆಯ ಮೇಲೆ ಹೊಸ ಕಲೆ ಹೇಗೆ ಕೂರುತ್ತದೆ, ಎಲ್ಲ ಈ ಬೆರಳುಗಳಿಗೆ ಗೊತ್ತು. ಕುದಿಸಿ ಕುದಿಸಿ ಕಪ್ಪಾದ ಟೀ, ಒಡೆದ ಹಾಲು, ನೆಲ ಒರೆಸಿದ ನೀರು. ಮಾಡುತ್ತ ಮಾಡುತ್ತ ಕೆಲಸದಲ್ಲಿ ಮುಳುಗಿಹೋದೆ ಕಣೇ. "ಇಲ್ಲಿ ಇನ್ನೊಂದು ಚೂರು ಬೇಕು" ಅಂತ ಹಿಂದೆ ಸರಿದು ನಿಂತು ನೋಡಿದೆ. ನಿನ್ನ ಮಾವನೂ ಮೊದಲು ನಕ್ಕ. ನಾಟಕ ಅಂತ ಅವನಿಗೆ ಹೇಳಿದ್ದೆ.

ಆದರೆ ಬಣ್ಣ ತರಬಹುದು, ವಾಸನೆ ತರಲಾಗುವುದಿಲ್ಲ. ವಾಸನೆಗೆ ಅವನೇ ಬೇಕಾಯಿತು. ಆ ಬೆಳಿಗ್ಗೆ ಅವನು ಒದ್ದೆ ಮಾಡಿಕೊಂಡ. ಎಂದಿನಂತೆ ಎಡಗೈಯಿಂದ ಮಂಚ ತಟ್ಟಿ ಕರೆದ. ನಾನು ಹೋಗಲಿಲ್ಲ. ಅಡುಗೆಯ ಮೂಲೆಯಲ್ಲಿ ಬೆನ್ನು ಮಾಡಿ ನಿಂತೆ. ತಟ್ಟಿದ, ತಟ್ಟಿದ, ಆಮೇಲೆ ಸುಮ್ಮನಾದ. ಆಗ ಅವನಿಗೆ ನಗು ಬರುತ್ತಿರಲಿಲ್ಲ.

ಅಳತೆಯಮ್ಮನೇ ಬಂದಳು. ಅವನು ಆ ಸ್ಥಿತಿಯಲ್ಲೂ "ಒಳಗೆ ಬನ್ನಿ, ಒಳಗೆ ಜಾಗ ಇದೆ" ಅಂದ. ಆಕೆ ಬರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಲ್ಲೇ ನಿಂತಳು. ಅವನು ಇನ್ನೊಂದು ಸಲ ಅಂದ, ಮೆಲ್ಲಗೆ. ಆಕೆ ನನ್ನನ್ನು ನೋಡಿ "ಏನಮ್ಮ ಇದು, ಹೋದ ಸಲ ಹೇಗಿತ್ತು! ಇವರೇನು ಮನುಷ್ಯರಲ್ಲವಾ?" ಅಂದಳು. ಅವನ ಎದುರಿಗೇ. ನಾನು ತಲೆ ತಗ್ಗಿಸಿ ನಿಂತೆ, ತಲೆ ತಗ್ಗಿಸುವುದೂ ಪಾತ್ರದ ಒಂದು ಭಾಗ ಅಂದುಕೊಂಡು.

ಆಕೆ ಹೋದ ಮೇಲೆ ಬಿಸಿನೀರು ಕಾಯಿಸಿ ಎಲ್ಲ ತೊಳೆದೆ. ಚಾದರದ ಕಲೆ ಒಂದೇ ಒಗೆತಕ್ಕೆ ಹೋಯಿತು. ತಮ್ಮ ನನ್ನ ಕೈಯಿಂದ ತುತ್ತು ತೆಗೆದುಕೊಳ್ಳುತ್ತಿಲ್ಲ. ಬಾಯಿ ಬಿಗಿದುಕೊಂಡು ಕಿಟಕಿ ನೋಡುತ್ತಾನೆ. ಎಡಗೈಯಲ್ಲಿ ತಾನೇ ಚೆಲ್ಲಿಕೊಂಡು ತಿನ್ನುತ್ತಾನೆ. ಹೇಸಿಗೆ ಕಣೇ ಚೂಟಿ. ಇಷ್ಟು ದಿನ ಯಾರ್ಯಾರದೋ ರಕ್ತ ಕೀವು ಒಗೆದಿದ್ದೇನೆ, ಇಂಥ ಕೊಳೆ ಈ ಕೈಗೆ ಅಂಟಿರಲಿಲ್ಲ.

ದೊಡ್ಡಮ್ಮ


ಮೇ 11

ಪ್ರೀತಿಯ ದೊಡ್ಡಮ್ಮ,

ನಿನ್ನ ಕಾಗದ ಓದಿ ಅತ್ತೆ, ನಕ್ಕೆ, ಮತ್ತೆ ಓದಿದೆ. ನೀನು ಎಂಥ ಕಿಲಾಡಿ! ಕ್ಷಮಿಸು, ನಿನ್ನನ್ನು ಕೇಳದೆ ನಮ್ಮ ಓದಿನ ಗುಂಪಿನಲ್ಲಿ ಓದಿ ಹೇಳಿದೆ. ಮೇಷ್ಟ್ರು ತಮ್ಮ ಕುರ್ಚಿಯಿಂದ ಎದ್ದು ನಿಂತು, ಇದೇ ಪ್ರತಿರೋಧ, ನೆರವಿನ ಪ್ರಭುತ್ವಕ್ಕೆ ಅದು ನೋಡಬಯಸುವ ಬಡತನವನ್ನೇ ತಯಾರಿಸಿ ತಿರುಗಿಸಿ ಕೊಟ್ಟಿದ್ದಾರೆ, ಇದು ನಿನ್ನ ಪ್ರಬಂಧದ ಒಂದು ಅಧ್ಯಾಯ ಆಗಲೇಬೇಕು ಅಂದರು.

ಫಲಿತಾಂಶ ಬಂದ ಕೂಡಲೇ ತಿಳಿಸು. ಈ ಸಲ ಕೊಡದೆ ಎಲ್ಲಿ ಹೋಗುತ್ತಾರೆ? ಮಾವನ ಸಿಟ್ಟು ಇಳಿಯುತ್ತದೆ ಬಿಡು, ಅವನಿಗೆ ನಿನ್ನ ಮೇಲೆ ಎಷ್ಟು ಹೊತ್ತು ಸಿಟ್ಟಿರುತ್ತದೆ?

ಚೂಟಿ


ಜೂನ್ 19

ಚೂಟಿ,

ಅವನನ್ನು ಒಯ್ದರು.

ಕಾಗದ ಬಂತು, "ಮನೆ ವಾಸಯೋಗ್ಯವಲ್ಲ, ಆರೈಕೆ ಮಾಡುವವರಿಗೆ ಸಾಮರ್ಥ್ಯವಿಲ್ಲ" ಅಂತ. ಅದರ ಮಾರನೆಯ ವಾರ ವ್ಯಾನು. ಪೈಲ್ವಾನನನ್ನು ಕೇಳಿದ್ದೆವು, ಬಂದದ್ದು ಸ್ಟ್ರೆಚರ್. ಒಯ್ಯಲು ಬಂದ ಇಬ್ಬರಿಗೆ ಮನೆ ನೋಡಿ ಗೊಂದಲ. ಫಳಫಳ ಹೊಳೆಯುತ್ತಿತ್ತಲ್ಲ. ಒಬ್ಬ ಕಾಗದ ತೆಗೆದು ಮನೆ ನಂಬರು ಸರಿಯಾಗಿದೆಯೋ ಅಂತ ನೋಡಿದ. "ಅದು ನಾಟಕ ಸ್ವಾಮಿ, ಟೀ ಕಲೆ" ಅಂತ ಬಾಯಿ ಬಡಿದುಕೊಂಡೆ. "ಅದೆಲ್ಲ ಆಫೀಸಿನಲ್ಲಿ ಹೇಳಿ ಅಮ್ಮ, ನಮಗೆ ಎತ್ತೋದಷ್ಟೇ ಕೆಲಸ" ಅಂದ.

ನೀನು ಪ್ರತಿರೋಧ ಅಂತ ಬರೆದದ್ದನ್ನು ಆ ದಿನವೇ ಮತ್ತೆ ತೆಗೆದು ಓದಿದೆ. ಥೂ. ನನ್ನ ತಮ್ಮ ಉಚ್ಚೆಯಲ್ಲಿ ಬಿದ್ದು ಮಂಚ ತಟ್ಟಿದ್ದನ್ನು ಕುರ್ಚಿ ಹಾಕಿಕೊಂಡು ಕೂತವರ ಮುಂದೆ ಓದಿದೆಯಾ? ಅದನ್ನು ಯಾರಿಗೂ ಹೇಳಲಾರದೆ ನಿನಗೊಬ್ಬಳಿಗೆ ಬರೆದಿದ್ದೆ ಕಣೇ.

ಅವನಿರುವ ಕೇಂದ್ರ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಫಿನಾಯಿಲಿನ ವಾಸನೆ ಗೇಟಿಗೇ ಬರುತ್ತದೆ. ಉದ್ದನೆಯ ಹಾಲ್, ಎರಡು ಸಾಲು ಮಂಚ. ಹೊಡೆಯುವುದಿಲ್ಲ ಬಡಿಯುವುದಿಲ್ಲ, ಯಾರ ಮೇಲೂ ದೂರು ಹೇಳುವ ಹಾಗಿಲ್ಲ. ಒದ್ದೆಯಾಗಲಿ ಬಿಡಲಿ, ಗಂಟೆ ಹೊಡೆದಾಗ ಎಲ್ಲರ ಬಟ್ಟೆ ಬದಲಿಸುತ್ತಾರೆ. ಗಂಟೆ ಹೊಡೆಯದಿದ್ದರೆ ಒದ್ದೆಯಾದವನೂ ಕಾಯಬೇಕು. ನಾನು ಹೋದಾಗ ಅವನ ಮೈಮೇಲೆ ಯಾರದೋ ಅಂಗಿ. ಕಾಲರಿನ ಒಳಗೆ ಬೇರೆಯವನ ಹೆಸರು ಹೊಲಿದಿತ್ತು. ಕೇಳಿದರೆ ಅಲ್ಲಿನ ಹುಡುಗಿ "ಎಲ್ಲಾ ಒಟ್ಟಿಗೆ ಒಗೀತೀವಿ ಅಜ್ಜಿ, ಅಳತೆ ನೋಡಿ ಹಾಕ್ತೀವಿ, ಎಲ್ಲಾ ಕ್ಲೀನೇ" ಅಂದಳು. ಕ್ಲೀನೇ, ಸುಳ್ಳಲ್ಲ. ಆ ಹೆಸರಿನವನು ಎಲ್ಲಿ ಅಂದೆ. ಆಕೆ ಮಾತು ಬದಲಿಸಿದಳು.

ಸತ್ತವನ ಅಂಗಿಯನ್ನು ಅವನ ಮೈಯಿಂದ ಬಿಚ್ಚಿ, ನಾನು ಒಯ್ದಿದ್ದ ಅಂಗಿ ತೊಡಿಸಿದೆ. ಅವನು ಒಂದು ಮಾತೂ ಆಡಲಿಲ್ಲ. ಆ ಒಂದು ಮಾತೂ ಇಲ್ಲ.

ಆಗಸ್ಟ್ ಮೊದಲಲ್ಲಿ ನಮ್ಮ ಮೇಲ್ಮನವಿ ಕೇಳುತ್ತಾರಂತೆ. ಅವನನ್ನು ಮನೆಗೆ ತಂದೇ ತರುತ್ತೇನೆ. ಇನ್ನೇನೂ ಬರೆಯಬೇಕೆನಿಸುವುದಿಲ್ಲ.


ಜುಲೈ 1

ದೊಡ್ಡಮ್ಮ,

ಹತ್ತು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ.

ನಾನು ಫೆಬ್ರವರಿಯಲ್ಲೇ ಹೇಳಬೇಕಾಗಿದ್ದ ಮಾತಿದು, ಏಪ್ರಿಲ್‌ನಲ್ಲಿ ತೊಡಕು ಅಂತ ಬರೆದು ಮುಚ್ಚಿಟ್ಟದ್ದೂ ಇದನ್ನೇ. ಅಳತೆಯಮ್ಮ ಹಿಡಿದು ಬಂದ ಪ್ರಶ್ನೆಗಳನ್ನು ಇಲಾಖೆಗೆ ಬರೆದುಕೊಟ್ಟವರು ನಮ್ಮ ಮೇಷ್ಟ್ರು. ಇಲ್ಲಿ ಸೇರಿದ ಮೊದಲ ವರ್ಷ ನಾನು ಅವರ ಕೈಕೆಳಗೆ ಅದೇ ಕೆಲಸದಲ್ಲಿದ್ದೆ. ಈಗಲೂ ನನ್ನ ಊಟ, ಕೋಣೆ ಎಲ್ಲ ನಡೆಯುವುದು ಅವರು ಕೊಡುವ ಕೆಲಸದಿಂದಲೇ. "ಲೋಟವನ್ನು ಎತ್ತಿ ಉದ್ದೇಶಪೂರ್ವಕವಾಗಿ ಬಳಸಬಲ್ಲರೇ?" ಆ ಪ್ರಶ್ನೆ ನನ್ನದು. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಮಾವನೇ.

ಕೆಟ್ಟ ಮನಸ್ಸಿನಿಂದ ಬರೆಯಲಿಲ್ಲ. ಹಳೆಯ ಪ್ರಶ್ನೆಗಳೆಲ್ಲ ಏನು ಮಾಡಲಾರಿರಿ, ಏನು ಮಾಡಲಾರಿರಿ ಅಂತಲೇ ಕೇಳುತ್ತಿದ್ದವು. ಮನುಷ್ಯನನ್ನು ಅವನ ಕೊರತೆಯಿಂದ ಅಳೆಯುವುದು ಅವಮಾನ, ಏನು ಮಾಡಬಲ್ಲ ಅಂತ ಕೇಳೋಣ ಅಂತ ನಾವೇ ಜಗಳವಾಡಿ ಬದಲಿಸಿದೆವು. ಗೆದ್ದೆವು ಅಂತ ಸಿಹಿ ಹಂಚಿದೆವು. ಇಲಾಖೆ ಆ ಉತ್ತರಗಳನ್ನು ಎಣಿಸಿ, ಮಾಡಬಲ್ಲವರ ನೆರವು ಕತ್ತರಿಸಿತು. ಮೇಷ್ಟ್ರನ್ನು ಕೇಳಿದೆ. "ಪ್ರಶ್ನೆ ತಪ್ಪಲ್ಲ, ಬಳಕೆ ತಪ್ಪು, ಅದನ್ನೂ ನಾವು ಟೀಕಿಸೋಣ" ಅಂದರು. ಅದನ್ನು ಕೇಳಿದಾಗಿನಿಂದ ನನಗೆ ಈ ಕಟ್ಟಡದ ಮೆಟ್ಟಿಲು ಹತ್ತಲು ಅಸಹ್ಯವಾಗುತ್ತಿದೆ, ಆದರೂ ದಿನಾ ಹತ್ತುತ್ತಿದ್ದೇನೆ.

ಮೇಲ್ಮನವಿಯ ದಿನ ಬರುತ್ತೇನೆ. ಪ್ರಶ್ನೆ ನನ್ನದು, ಕೊಳೆಯ ಸಲಹೆ ನನ್ನದು ಅಂತ ಅವರ ಮುಂದೆ ನಿಂತು ಹೇಳುತ್ತೇನೆ. ಏನಾದರೂ ಆಗಲಿ.

ಚೂಟಿ


ಜುಲೈ 8

ನೀನು ಬರಬೇಡ.

ದೊಡ್ಡಮ್ಮ


ಆಗಸ್ಟ್ 4

ಚೂಟಿ,

ಬರಬೇಡ ಅಂದದ್ದಕ್ಕೆ ನೀನು ಮತ್ತೆ ಬರೆಯಲೇ ಇಲ್ಲ. ಸಿಟ್ಟಿನಿಂದ ಅಂದೆ ಅಂದುಕೊಂಡಿರಬೇಕು. ಸಿಟ್ಟೂ ಇತ್ತು, ಇಲ್ಲ ಅನ್ನುವುದಿಲ್ಲ. ನಿನ್ನ ಕಾಗದ ಓದಿ ಮಡಚಿಟ್ಟು ಒಂದು ದಿನ ಅದರ ಹತ್ತಿರ ಹೋಗಲಿಲ್ಲ. ಆದರೆ ನನ್ನ ತಂಗಿಗೆ ನೀನೊಬ್ಬಳೇ. ನೀನು ಅಲ್ಲಿ ನಿಂತು ಬಾಯಿ ಬಿಟ್ಟರೆ ನೀನು ಓದುವ ಆ ಕಟ್ಟಡದಿಂದ ನಿನ್ನನ್ನು ಹೊರಗೆ ಹಾಕುತ್ತಾರೆ, ತಮ್ಮ ಮಾತ್ರ ಕೇಂದ್ರದಲ್ಲೇ ಉಳಿಯುತ್ತಾನೆ. ಇಬ್ಬರನ್ನೂ ಕಳೆದುಕೊಂಡು ನಾನೇನು ಮಾಡಲಿ?

ನಿನ್ನೆ ಹೋಗಿದ್ದೆ. ಮೂರು ಜನ ಕೂತಿದ್ದರು, ಎದುರಿಗೆ ಒಂದೊಂದು ನೀರಿನ ಬಾಟಲಿ. ನಡುವಿನ ಕುರ್ಚಿಯವರು ಕನ್ನಡಕ ಹಣೆಗೇರಿಸಿ ಕೇಳಿದರು:

"ಫೆಬ್ರವರಿಯಲ್ಲಿ ನಿಮ್ಮ ಮನೆ ಅತ್ಯುತ್ತಮ ಅಂತಿದೆ. ಏಪ್ರಿಲ್‌ನಲ್ಲಿ ಕಾಲಿಡೋ ಹಾಗಿಲ್ಲ ಅಂತಿದೆ. ಇದರಲ್ಲಿ ಯಾವುದಮ್ಮಾ ನಿಮ್ಮ ಮನೆ?"

"ಎರಡೂ ನೀವು ಬರ್ತೀರಿ ಅಂತ ಮಾಡಿದ್ದು ಸ್ವಾಮಿ."

"ನೀವು ಬೇಕು ಅಂತ ಹೊಲಸು ಮಾಡಿದ್ರಾ?"

"ಹೌದು. ಚೊಕ್ಕ ಮಾಡಿದ್ದೂ ಬೇಕು ಅಂತಲೇ. ಅದಕ್ಕೆ ನೀವು ನನ್ನನ್ನು ಯಾಕೆ ಮಾಡಿದ್ರಿ ಅಂತ ಕೇಳಲಿಲ್ಲ."

ಬಲಗಡೆಯವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಡಗಡೆಯವನಿಗೆ ನಗು ಬರಲಿಲ್ಲ. "ಇದು ಮೋಸ ಅಲ್ಲವಾ? ಯಾರು ಹೇಳಿಕೊಟ್ಟರು ನಿಮಗೆ?" ಅಂದ.

"ಯಾರೂ ಇಲ್ಲ. ನನ್ನ ಬುದ್ಧಿ" ಅಂದೆ. ಸುಳ್ಳು ಸಲೀಸಾಗಿಹೋಗಿದೆ ನೋಡು.

ಆಮೇಲೆ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಸತ್ಯ ಸುಳ್ಳಿನ ಮಾತೇ ಅಲ್ಲ ಅವರದು. ಕೇಂದ್ರದಲ್ಲಿ ಮಂಚ ಸಾಲುತ್ತಿಲ್ಲ, ಕಾಯುತ್ತಿರುವವರ ಸಾಲು ಬೆಳೆದಿದೆ, ಒಂದು ಮಂಚ ಖಾಲಿಯಾದರೆ ಒಳ್ಳೆಯದೇ ಅಂತ ಎಡಗಡೆಯವನು ಅಂದ. ಮಿಕ್ಕವರು ಹೂಂ ಅಂದರು. ಒಳಗೆ ಕರೆದು, "ನಿಮ್ಮ ಪ್ರೀತಿ ನೋಡಿ" ನಿರ್ಧಾರ ಮಾಡಿದ್ದೇವೆ ಅಂತ ಹೇಳಿದರು. ಕೈಮುಗಿದೆ.

ತಮ್ಮನನ್ನು ಕರೆದುಕೊಂಡು ಬರಬಹುದು. ಪೈಲ್ವಾನ ದಿನ ಬಿಟ್ಟು ದಿನ ಬರುತ್ತಾನೆ. ಒಂದು ಕರಾರು. ಇನ್ನು ಮುಂದೆ ಹೇಳಿ ಬರುವುದಿಲ್ಲ, ಯಾವಾಗ ಬೇಕಾದರೂ ಬಂದು ನೋಡುತ್ತಾರೆ. ನಾಳೆ ವ್ಯಾನು ಬರುತ್ತದೆ. ಈಗ ಅವನ ಅಂಗಿಗಳಿಗೆ ಇಸ್ತ್ರಿ ಹಾಕಬೇಕು.

ದೊಡ್ಡಮ್ಮ


ಆಗಸ್ಟ್ 15

ನನ್ನ ಪ್ರೀತಿಯ ದೊಡ್ಡಮ್ಮ,

ಗೆದ್ದೆವು! ನಿನ್ನ ಕಾಗದ ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಹೋ ಅಂತ ಅತ್ತೆ. ನೀನು ನನ್ನನ್ನು ಬಿಟ್ಟುಕೊಡಲಿಲ್ಲ. ಅದನ್ನು ಹೇಗೆ ತೀರಿಸಲಿ?

ಮಾವ ಮನೆಯಲ್ಲಿದ್ದಾನೆ, ಪೈಲ್ವಾನ ಬರುತ್ತಾನೆ, ಇದಕ್ಕಿಂತ ಇನ್ನೇನು ಬೇಕು? ನಾನು ಮೇಷ್ಟ್ರ ಕೆಳಗಿನ ಆ ಕೆಲಸ ಬಿಟ್ಟಿದ್ದೇನೆ. ಸಂಜೆ ಟ್ಯೂಷನ್ ಹೇಳುತ್ತಿದ್ದೇನೆ. ಪ್ರಬಂಧ ಮಾತ್ರ ಮುಗಿಸಬೇಕು. ಜೊತೆಗೆ ಆ ಅಧ್ಯಾಯ ಇಟ್ಟಿದ್ದೇನೆ, ನೀನು ಓದಿ ಬೇಡ ಅಂದರೆ ಹರಿದುಹಾಕುತ್ತೇನೆ. ಡಿಸೆಂಬರ್ ರಜೆಗೆ ಬರುತ್ತೇನೆ. ಮಾವನ ಕೈ ಹೇಗಿದೆ? ಕೇಂದ್ರದಲ್ಲಿ ಅಭ್ಯಾಸ ತಪ್ಪಿಹೋಯಿತೇ?

ಚೂಟಿ


ಡಿಸೆಂಬರ್ 2

ಚೂಟಿ ಮಗಳೇ,

ನಿನ್ನ ಅಧ್ಯಾಯ ನಿಧಾನಕ್ಕೆ, ಪೆನ್ಸಿಲ್ ಹಿಡಿದು ಓದಿದೆ. ಅರ್ಧ ಅರ್ಥವಾಯಿತು, ಉಳಿದರ್ಧ ನಿನಗೆ ಅರ್ಥವಾಗಿದೆಯೋ ಇಲ್ಲವೋ. ಹರಿಯಬೇಡ. ಆದರೆ ಅದರಲ್ಲಿ ನಮ್ಮ ಚಾದರ, ನಮ್ಮ ವಾಸನೆ, ನಮ್ಮ ಬಚ್ಚಲು ಇದೆ. ಮೂರು ಬಾಟಲಿ ನೀರು ಇಟ್ಟುಕೊಂಡು ಕೂತವರು ಇಲ್ಲ, ಕುರ್ಚಿಯಿಂದ ಎದ್ದು ನಿಂತ ನಿನ್ನ ಮೇಷ್ಟ್ರು ಇಲ್ಲ, ಪ್ರಶ್ನೆ ಬರೆದ ಹುಡುಗಿಯೂ ಇಲ್ಲ. ನಮ್ಮ ಮನೆಯನ್ನು ಸಾಕಷ್ಟು ಜನ ಬಂದು ನೋಡಿಯಾಯಿತು. ಆ ಮನೆಗಳನ್ನು ಒಮ್ಮೆ ಯಾರಾದರೂ ಹೊಕ್ಕು ನೋಡಬಾರದೇ? ನಿನಗೆ ದಾರಿ ಗೊತ್ತಿದೆ. ಬೇಕಾದರೆ ಹೋಗು, ಬಲವಂತವಿಲ್ಲ.

ಗೆದ್ದೆವು ಅಂದೆ. ಗೆದ್ದ ಮನೆ ಹೇಗಿದೆ ಹೇಳಲೇ? ಇಲಾಖೆಯವರೇ ಬಂದು ಬಾಗಿಲಿಗೊಂದು ಬೆಲ್ ಹಾಕಿ ಹೋದರು, ಬಂದವರು ತಟ್ಟಿದ್ದು ಕೇಳಿಸಲಿಲ್ಲ ಅಂತ ನಾವು ನೆಪ ಹೇಳಬಾರದಲ್ಲ. ಅದು ಕಿರ್ರೆನ್ನುತ್ತದೆ. ಮೂರು ಸಲ ಬಂದಿದ್ದಾರೆ. ಒಂದು ಸಲ ಬಚ್ಚಲಿನ ತೂತು, ಒಂದು ಸಲ ದಿಂಬಿನ ಕೆಳಗೆ, ಒಂದು ಸಲ ನನ್ನ ಉಗುರು. ಅತಿ ಚೊಕ್ಕ ಕಂಡರೆ ನೆರವು ಯಾಕೆ ಅನ್ನುತ್ತಾರೆ, ಕೊಳೆ ಕಂಡರೆ ವ್ಯಾನು ಕಳಿಸುತ್ತಾರೆ. ಹಾಗಾಗಿ ನಡುವಿನದೊಂದು ಕಂಡುಕೊಂಡಿದ್ದೇನೆ. ಪಾತ್ರೆ ತೊಳೆದು ಎರಡನ್ನು ಬೇಕೆಂದೇ ತೊಳೆಯದೆ ಇಡುತ್ತೇನೆ. ಚಾದರ ಒಗೆಯುತ್ತೇನೆ, ಇಸ್ತ್ರಿ ಹಾಕುವುದಿಲ್ಲ. ಹಾಸಿದ್ದನ್ನು ಕೈಯಿಂದ ಮುದುಡುತ್ತೇನೆ. ಮುದುಡುವಾಗ ದಿನಾ ಒಂದು ಕ್ಷಣ ಅದರ ಮೇಲೇ ಉಗಿಯಬೇಕೆನಿಸುತ್ತದೆ. ಉಗಿಯುವುದಿಲ್ಲ, ಆ ಕಲೆ ಲೆಕ್ಕಕ್ಕೆ ಹೆಚ್ಚಾದೀತು.

ಮಾವನ ಕೈಯ ಬಗ್ಗೆ ಕೇಳಿದ್ದೆ. ಕೈ ಚೆನ್ನಾಗಿದೆ. ನೀನು ನಂಬುವುದಿಲ್ಲ, ಅಂಗಿಯ ಗುಂಡಿ ತಾನೇ ಹಾಕುತ್ತಾನೆ, ಬ್ರೆಡ್ಡು ಮುರಿಯುತ್ತಾನೆ. ನನ್ನ ಜೊತೆ ರಾಜಿಯೂ ಆಯಿತು. ಮೊನ್ನೆ ನಾನು ಮಂಚದ ಪಕ್ಕ ಕೂತು ತೂಕಡಿಸುವಾಗ ಆ ಬಲಗೈಯಿಂದಲೇ ನನ್ನ ಕೂದಲು ಹಿಂದಕ್ಕೆ ಸರಿಸಿದ. ಆ ಒಂದು ಮಾತು ಮಾತ್ರ ಮರಳಲಿಲ್ಲ.

ಮೊದಲ ಸಲ ಬೆಲ್ ಆದಾಗ ಅವನು ಬ್ರೆಡ್ಡು ಬಾಯಿಗೆ ಒಯ್ಯುತ್ತಿದ್ದ. ಕಿರ್ರೆಂದ ಕೂಡಲೇ ಕೈ ದೊಪ್ಪನೆ ಬಿತ್ತು. ಬೆರಳು ಮಡಚಿ, ಮಣಿಕಟ್ಟು ಸೊಟ್ಟಗೆ, ಹಾಗೇ ಸತ್ತ ಹಕ್ಕಿಯಂತೆ. ಮತ್ತೆ ಪಾರ್ಶ್ವವಾಯು ಬಡಿಯಿತು ಅಂತ ನನ್ನ ಎದೆ ಧಸಕ್ಕೆಂದಿತು. ಬಂದವಳು ಲೋಟ ಮುಂದಿಟ್ಟಳು, ಅವನು ಲೋಟ ನೋಡುತ್ತ ಕೂತ. ಬರೆದುಕೊಂಡು ಹೋದಳು. ಬಾಗಿಲು ಮುಚ್ಚಿ ತಿರುಗಿದರೆ ಆ ಕೈ ಎದ್ದು ಬ್ರೆಡ್ಡು ತೆಗೆದುಕೊಂಡಿತು. ಅವನು ನನ್ನ ಮುಖ ನೋಡಲಿಲ್ಲ. ನಾನು ಕಲಿಸಿದ್ದಲ್ಲ ಚೂಟಿ. ಹಾಗೆ ಮಾಡು ಅಂತ ನಾನೊಂದು ದಿನವೂ ಹೇಳಿಲ್ಲ.

ಈಗ ಯಾರು ಒತ್ತಿದರೂ ಹಾಗೇ. ಪೋಸ್ಟಿನವನು, ಪಕ್ಕದ ಮನೆಯ ಮಗು. "ಅವರಲ್ಲ ಕಣೋ, ಎತ್ತು" ಅಂದರೂ ಎಷ್ಟೋ ಹೊತ್ತು ಏಳುವುದಿಲ್ಲ. ಬೆರಳು ತಣ್ಣಗಾಗಿರುತ್ತದೆ. ನಾನು ಉಜ್ಜಿ ಉಜ್ಜಿ ಬಿಸಿ ಮಾಡಬೇಕು. ಬೇಕೆಂದು ಬಿಡುತ್ತಾನೋ ತಾನಾಗಿ ಬೀಳುತ್ತದೋ, ಅವನಿಗೂ ತಿಳಿಯದೇನೋ.

ರಜೆಗೆ ಬಾ. ಅವನು ದಿನಾ ಬಾಗಿಲು ನೋಡುತ್ತಾನೆ. ಆದರೆ ಬಂದಾಗ ಬೆಲ್ ಒತ್ತಬೇಡ ಮಗಳೇ. ಬೀದಿಯಿಂದಲೇ ಮಾವ ಅಂತ ಗಟ್ಟಿಯಾಗಿ ಕೂಗಿಕೊಂಡು ಬಾ.

ದೊಡ್ಡಮ್ಮ